ಎರಡನೇ ಪ್ರಶ್ನೆ

ಲೆಸ್ಟರಿನ ಮೆಲ್ಟನ್ ರಸ್ತೆಯ ಹಿಂದೆ, ಚರ್ಚಿನ ಹಾಲು.
ನೆಲದ ಮೇಲೆ ಬ್ಯಾಡ್ಮಿಂಟನ್ನಿನ ಹಳದಿ ಗೆರೆ,
ಗೋಡೆಯಲ್ಲಿ ನಾಣ್ಯ ನುಂಗುವ ಹೀಟರು.
ಸಾಕ್ಸು ಬಿಚ್ಚಲು ಒಲ್ಲದ ಹನ್ನೆರಡು ಹುಡುಗಿಯರು
ಇವತ್ತು ಕುಣಿದಿಲ್ಲ, ಬರೆದಿದ್ದಾರೆ.
ಥಿಯರಿ ಪರೀಕ್ಷೆ ಮುಗಿಸಿ, ಕಿಟಕಿಯ ಬಳಿ
ಬಿಸ್ಕತ್ತು ಮುರಿಯುತ್ತಿದ್ದಾರೆ.

ಮೊದಲನೆಯದು ಸುಲಭ: ಅಸಂಯುತ ಹಸ್ತಗಳೆಷ್ಟು?
ಎರಡನೆಯದು: ಈ ನೃತ್ಯ ಹುಟ್ಟಿದ್ದು ಹೇಗೆ,
ಪುನರುಜ್ಜೀವನಗೊಂಡದ್ದು ಹೇಗೆ? ಹತ್ತು ಅಂಕ.

ಬಿಜಲ್ ಬರೆದಿದ್ದಾಳೆ, ನಾನು ಬರೆಸಿದ ಹಾಗೇ:
ಬ್ರಹ್ಮ ನಾಲ್ಕು ವೇದದಿಂದ ನಾಲ್ಕು ಚಿಟಿಕೆ ತೆಗೆದು
ಐದನೆಯದನ್ನು ಕಲಸಿದನಂತೆ, ಭರತನ ಕೈಗಿಟ್ಟನಂತೆ,
ಆಮೇಲೆ ಬಹಳ ಕಾಲ ಕತ್ತಲೆಯಂತೆ,
ಆಮೇಲೆ ದೊಡ್ಡ ಮನೆಯವರು ಬಂದು ದೀಪ ಹಚ್ಚಿದರಂತೆ.
ಹತ್ತಕ್ಕೆ ಒಂಬತ್ತು.

ತರ್ಷಿಕಾಳ ಹಾಳೆಯಲ್ಲಿ ಒಂದೇ ಸಾಲು:
ಆ ಕತ್ತಲೆಯಲ್ಲಿ ಯಾರು ಕುಣಿಯುತ್ತಿದ್ದರು, ಟೀಚರ್?

ಕೆಂಪು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕೂತಿದ್ದೇನೆ.

ಯಾರು ಅಂದರೆ, ಮಗಳೇ, ನಮ್ಮವ್ವನ ಅವ್ವ.
ಹೆಸರು ಗೌರಾಂಬ. ಕಪಿಲೆ ದಂಡೆಯ ಒಂದು ಗುಡಿಯ
ಜಮಾಖರ್ಚಿನ ಪುಸ್ತಕದಲ್ಲಿ, ಎಣ್ಣೆಗೂ ಹೂವಿಗೂ ನಡುವೆ
ಅವಳಿದ್ದಳು: ಸಂಜೆ ಆರತಿಗೆ ನಾಟ್ಯ, ವರ್ಷಕ್ಕೆ ಇಷ್ಟು ಭತ್ತ.
ಒಂದು ದಿನ ಹುಕುಂ ಬಂತು. ಹೆಸರಿನ ಮೇಲೆ ಗೀಟು.
ಎಣ್ಣೆ ಉಳಿಯಿತು. ಹೂವು ಉಳಿಯಿತು.

ಗೆಜ್ಜೆಯನ್ನು ಅವಳು ಬಾವಿಗೆಸೆಯಲಿಲ್ಲ,
ಅದೆಲ್ಲ ಕತೆಗಳಲ್ಲಿ.
ಒಂದೊಂದೇ ಬಿಚ್ಚಿ ತೂಕಕ್ಕೆ ಮಾರಿದಳು
ಅವ್ವನ ಸ್ಲೇಟಿಗೆ, ಸ್ಕೂಲಿನ ಫೀಜಿಗೆ.
ಕಡೆಯ ಹನ್ನೊಂದು, ಎಮ್ಮೆಕರುವಿನ ಕೊರಳಿಗೆ.

ಮಧ್ಯಾಹ್ನ ಬಾಗಿಲಿಗೆ ಅಗಣಿ ಹಾಕಿ
ಮೊರ ಹಿಡಿದು ಕೂರುವಳು. ಕೂತೇ.
ಹೊಟ್ಟು ಹಾರಿಸಿದ ಕೈ ಹಾಗೇ ಗಾಳಿಯಲ್ಲಿ ನಿಂತು
ಅಲಪದ್ಮವಾಗುವುದು.
ತಡವಾಗಿ ಬಂದವನಿಗೆ 'ಒಳಗೆ ಬಾ' ಅನ್ನಲು
ಅವಳ ಒಂದು ಹುಬ್ಬಿನಲ್ಲಿ ಹದಿನೇಳು ಬಗೆ.
ಹದಿನೇಳನೆಯದರ ಅರ್ಥ, 'ಹೋಗು'.
ನನಗಾಗ ಆರು ವರ್ಷ.
ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕಲಿತೆ.

ಅದೇ ಹೊತ್ತಿಗೆ ಮೈಸೂರಿನಲ್ಲಿ, ಒಂದು ರೈಲಿನ ದೂರದಲ್ಲಿ,
ಕಲೆಗೆ ಪುನರುಜ್ಜೀವನ. ಟಿಕೇಟು ಎಂಟಾಣೆ.
ಸತ್ತದ್ದಕ್ಕೆ ತಾನೇ ಜೀವ ಕೊಡುವುದು?
ಇವಳು ಇದ್ದಳಲ್ಲ,
ಎಲೆಗೆ ಸುಣ್ಣ ಹೆಚ್ಚಾಯಿತೆಂದು ಸೊಸೆಯ ಮೇಲೆ ರೇಗುತ್ತ!

ಇದನ್ನೆಲ್ಲ ಈ ಊರಲ್ಲಿ ಯಾರಿಗೂ ಹೇಳಿಲ್ಲ.
ಕೌನ್ಸಿಲ್ಲಿಗೆ ಅನುದಾನದ ಅರ್ಜಿ ಬರೆದವಳೂ ನಾನೇ:
ಎರಡು ಸಾವಿರ ವರ್ಷದ ಪವಿತ್ರ ಕಲೆ.
ಗಂಡ ಓದಿ, ಮನೆತನದ ವಿಷಯ ಬೇಡ, ಅಂದರು.
ಅವರು ಅನ್ನುವ ಮೊದಲೇ
ನಾನೂ ಬೇಡ ಅಂದುಕೊಂಡಾಗಿತ್ತು.

ಈಗ ಮಂಡಿಯೊಳಗೆ ಇಂಗ್ಲಿಷ್ ಉಕ್ಕು;
ಅರಮಂಡಿ ಬರೀ ಬಾಯಲ್ಲಿ.
ಹಾಳೆ ಮಡಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲಿಂದಲೇ
ಬಾ ಇಲ್ಲಿ, ಅಂದೆ.
ಉಳಿದವರೂ ಬಂದರು, ಬಿಸ್ಕತ್ತಿನ ಕೈ ಒರೆಸಿಕೊಳ್ಳುತ್ತ.
ಬಾಗಿಲ ಕಡೆ ನೋಡಿದೆ. ಅಗಣಿ ಹಾಕಲಿಲ್ಲ.
ಹುಬ್ಬೆತ್ತಿದೆ.

ಎಂಟನೆಯದರ ಹೊತ್ತಿಗೆ ಹೀಟರು ಆರಿತು.
ನಾಣ್ಯ ಹಾಕಲು ಯಾರೂ ಏಳಲಿಲ್ಲ.

ಎರಡನೇ ಪ್ರಶ್ನೆಗೆ ಅಂಕ ಇನ್ನೂ ಹಾಕಿಲ್ಲ.
ಹದಿನೇಳರಲ್ಲಿ ನನಗೆ ನೆನಪಿರುವುದು
ಹದಿಮೂರೇ.