ಹೂರಣ

ದಿರೆ ದಾವಾದಲ್ಲಿ ರೈಲಿಗೆ ಬಾಬೂರ್ ಅನ್ನುತ್ತಾರೆ.
ಮೊದಲ ಬಾಬೂರು ಬಂದಾಗ ಫ್ರೆಂಚರ ದುಡ್ಡು,
ಫ್ರೆಂಚರ ಗಡಿಯಾರ,
ಟಿಕೇಟಿನ ಮೇಲೂ ಅವರದೇ ಮಾತು.
ಊರು ಆಮೇಲೆ ಹುಟ್ಟಿತು, ಹಳಿಯ ಮಗ್ಗುಲಿಗೆ,
ತೊಟ್ಟಿಲು ತಂದಿಟ್ಟ ಮೇಲೆ ಮಗು ಬಂದ ಹಾಗೆ.

ಅಸ್ಕಲೆಯ ಅಜ್ಜಿ ಅಲ್ಲಿ ಸಂಬೂಸಾ ಮಾರಿದಳು,
ಅಮ್ಮ ಮಾರಿದಳು, ಆಮೇಲೆ ಅಸ್ಕಲೆ,
ಹೊರಟ ಗಾಡಿಯ ಜೊತೆ ಹತ್ತು ಹೆಜ್ಜೆ ಓಡಿ
ಕಿಟಕಿಯೊಳಗೆ ಚಿಲ್ಲರೆ ತುರುಕಿ.
ಒಂದು ದಿನ ಗಾಡಿ ಬರಲಿಲ್ಲ.
ಮರುದಿನವೂ.
ಮುಸ್ಯೆ ಬೆಜಾಬಿ ಮಾತ್ರ ಟೋಪಿ ಇಟ್ಟುಕೊಂಡು ಬಂದು
ಬಾರದ ಗಾಡಿಯ ವೇಳೆಯನ್ನು
ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದ.

ಈಗ ಊರಾಚೆ, ಬಟಾಬಯಲಲ್ಲಿ, ಹೊಸ ನಿಲ್ದಾಣ.
ಚೀನಾದ ಸಾಲ. ಮುಖ ನೋಡಿಕೊಳ್ಳುವಂಥ ನೆಲ.
ಎಷ್ಟು ಸೊನ್ನೆ ಎಂದು ಕೇಳಿದರೆ
ಎಂಜಿನಿಯರ್ ಕುವಾಂಗ್ ಕೈ ಝಾಡಿಸುತ್ತಾನೆ:
ನಾನು ಸಿಮೆಂಟಿನವನು, ಸೊನ್ನೆಯವನಲ್ಲ.

ಅಲ್ಲಿಗೆ ಆಟೋದಲ್ಲಿ ಹೋಗಬೇಕು
(ಆಟೋಗೆ ಅಲ್ಲಿ ಬಜಾಜ್ ಅಂತಲೇ ಹೆಸರು, ಅದೂ ಹೊರಗಿನದೇ).
ಹದಿನಾಲ್ಕು ಸಂಬೂಸಾ ಬಾಡಿಗೆಗೇ ವಜಾ.
ಬಾಗಿಲಲ್ಲಿ ಯಂತ್ರ; ಕಾವಲಿಗೆ ಲೆಲ್ಲಿಸೆ,
ಮೊನ್ನೆ ಮೊನ್ನೆ ಶಾಲೆ ಮುಗಿಸಿದ ಹುಡುಗಿ.
ಬುಟ್ಟಿ ಇದರ ಮೇಲಿಡಮ್ಮ.

ಪರದೆಯ ಮೇಲೆ ತ್ರಿಕೋನಗಳ ಮೆರವಣಿಗೆ.
ಒಂದೊಂದರ ಹೊಟ್ಟೆಯಲ್ಲೂ ಕಾಳು ಕಾಳಾಗಿ ಮಸೂರಬೇಳೆ.
ಲೆಲ್ಲಿಸೆ ಒಂದರ ಮೇಲೆ ಬೆರಳಿಟ್ಟಳು:
ಇದರಲ್ಲಿ ಬೇಳೆ ಕಮ್ಮಿ.

ಮೂರು ತಲೆಮಾರಿನ ಹೂರಣ ಬಯಲಾಯಿತು.
ಅಸ್ಕಲೆಗೆ ಸಿಟ್ಟು ಬರಬೇಕಿತ್ತು, ನಗು ಬಂತು.
ಈ ಕಟ್ಟಡದ ಕರಾರುಪತ್ರವನ್ನೂ ಒಂದು ಸಲ
ಹೀಗೆ ಹಾಯಿಸಿ ನೋಡಿದಿರಾ ತಾಯಿ?
ಹುಡುಗಿ ಪ್ರಾಮಾಣಿಕವಾಗಿಯೇ ಹೇಳಿದಳು:
ಕಾಗದ ಇದರಲ್ಲಿ ಕಾಣೋದಿಲ್ಲಮ್ಮ.
ಬೆಳಕು ತೂರಿ ಹೋಗಿಬಿಡುತ್ತೆ.

ಒಳಗೆ ಮಾರುವಂತಿಲ್ಲ.
ಗಾಡಿ ಬಂತು, ತಣ್ಣಗೆ, ಸದ್ದಿಲ್ಲದೆ,
ತೆರೆಯದ ಕಿಟಕಿಗಳನ್ನು ಹೊತ್ತು.
ಗಾಜಿನಾಚೆ ಒಂದು ಮಗು ಬುಟ್ಟಿಯತ್ತ ಬೆರಳು ಮಾಡಿತು,
ಅದರ ತಾಯಿ ಅಸ್ಕಲೆಗೆ ಕೈ ಬೀಸಿದಳು.
ಅಷ್ಟೇ ವ್ಯಾಪಾರ.

ಸುಳ್ಳು ಹೇಳಬಾರದು:
ಇದೇ ಗಾಡಿಯಲ್ಲಿ ಅಣ್ಣ ಅಡಿಸ್‌ಗೆ ಹೋಗಿ
ಕಣ್ಣಿನ ಪೊರೆ ತೆಗೆಸಿಕೊಂಡು ಬಂದ.
ಹಳೆಯದರಲ್ಲಿ ಹೋಗಿದ್ದರೆ
ದಾರಿಯಲ್ಲೇ ಎರಡು ರಾತ್ರಿ, ಅದೂ ಗಾಡಿ ಕೆಡದಿದ್ದರೆ.
ಬಂದವನು ಮೊದಲು ನೋಡಿದ್ದು ಇವಳ ನರೆಗೂದಲು.
ಸಾಲ ತೀರಿಸುವವರು ಯಾರೋ,
ಇನ್ನೂ ಹಲ್ಲು ಬಾರದವರು.

ಸಂಜೆ ಹಳೆಯ ನಿಲ್ದಾಣದ ಮೆಟ್ಟಿಲ ಮೇಲೆ
ಮುಸ್ಯೆ ಬೆಜಾಬಿ ಕಾದಿದ್ದ.
ವೇಳೆಗೆ ಬಂತೆ?
ಏಳು ನಿಮಿಷ ತಡ.
ಮುದುಕ ಎದ್ದು, ಹಲಗೆ ಒರೆಸಿ,
ಅಲ್ಲಿಗೆ ಬಾರದ ಗಾಡಿಯ ಏಳು ನಿಮಿಷವನ್ನು
ದುಂಡಗೆ ಬರೆದ.

ಅಸ್ಕಲೆ ಬುಟ್ಟಿಯಲ್ಲಿ ತಡಕಾಡಿ
ಆ ಬೇಳೆ ಕಮ್ಮಿಯದನ್ನೇ ಹುಡುಕಿ ಕೊಟ್ಟಳು.
ಕಚ್ಚಿದ. ಕಣ್ಣು ಮುಚ್ಚಿದ.
ಮೊದಲಿನ ಹಾಗೇ ಇದೆ, ಅಂದ.