ಹೊಳಿ ದಾಟಿದ ಮ್ಯಾಲೆ

ಚಿತ್ತಾಪುರದ ಸಂತಿಗೆ ಹೊಂಟವರು
ಕಾಲ್ಮರಿ ಮೆಟ್ಟತಿದ್ದದ್ದು ಕಾಗಿಣಾ ದಾಟಿದ ಮ್ಯಾಲೆ.
ಅಲ್ಲೀತನಕ ಅವು ಕಂಕುಳದಾಗ
ರೊಟ್ಟಿ ಗಂಟಿನ ಮಗ್ಗಲಕ್ಕ,
ಇಲ್ಲಾ ಕೊಡಲಿ ಕಾವಿಗೆ ಜೋತು.

ಎರಿ ಮಣ್ಣು ಹಿಮ್ಮಡಿ ಹಿಡೀತಿತ್ತು,
ಜಾಲಿ ಮುಳ್ಳು ಒಳಗ ಮುರೀತಿತ್ತು.
ಮುರೀಲಿ, ಅಂತಿದ್ದಳು ಆಯಿ ಸಾಬಮ್ಮ,
ಕಾಲಿನ ಚರ್ಮ ತಾನೇ ಬೆಳೀತದ,
ಕೆರದ ಚರ್ಮ ಬೆಳೀತದೇನು?

ದಂಡಿ ಮ್ಯಾಗಿನ ಫರಸಿಗಲ್ಲಿಗೆ ಕುಂತು
ಕಾಲು ತೊಳಕೊಂಡು, ಸೆರಗಿಲೆ ಒರಸಿ,
ಹೆಬ್ಬೆರಳು ಉಂಗುಷ್ಟಕ್ಕ ತೂರಸುವಾಗ
ಪ್ಯಾಟಿಗೆ ಹೋಗೋ ಮಾರಿ ಬರತಿತ್ತು ಎಲ್ಲರಿಗೂ.

ಮುತ್ಯಾ ಹುಸೇನಪ್ಪ ಹೊಲದ ಒಂದು ಜೋಡು
ಓಣಿಗೆಲ್ಲ ಅದೊಂದೇ.
ಮರೆಪ್ಪ ಯಾದಗಿರಿಗೆ ಕನ್ಯಾ ನೋಡ್ಲಾಕ ಹೋದದ್ದು ಅದರಾಗ,
ತಾಯಪ್ಪ ಕೋರ್ಟಿನ ಕಟಕಟಿ ಏರಿದ್ದೂ ಅದರಾಗ.
ಬಿಗಿ ಆದವರು ಬೆರಳು ಮಡಚಿದರು,
ಸಡಲಾದವರು ಅರಳಿ ತುರುಕಿದರು.
ಹದಿನೆಂಟು ವರ್ಷ. ಅಟ್ಟೆ ಸವೀಲಿಲ್ಲ.

ಮನಿಯಾಗ ಅದಕ್ಕೂ ನೇಮ ಇದ್ದವು:
ಬೋರಲ ಬಿದ್ದರ ಜಗಳ,
ಒಂದರ ಮ್ಯಾಲೊಂದು ಏರಿದರ ಪ್ರಯಾಣ,
ಹರಕು ಹೊಸಾ ಎಮ್ಮಿ ಕೊರಳಿಗೆ, ದೃಷ್ಟಿಗೆ ಅಂತ.
ರಾಶಿ ಕಣದಾಗ ಮಾತ್ರ ಯಾರವೂ ಇಲ್ಲ,
ಜ್ವಾಳದ ಮುಂದ ಗೌಡನೂ ಬರಿಗಾಲೇ.

ಇನ್ನೊಂದು ಮಾತು ಆಯಿ ದನಿ ಇಳಿಸಿ ಹೇಳತಿದ್ದಳು.
ಸಂತಿಯಿಂದ ತಿರುಗಿ ಬರುವಾಗ
ಹೊಳಿದಂಡ್ಯಾಗ ಎಲ್ಲರೂ ಬಿಚ್ಚತಿದ್ದರು.
ಉಳಿದವರು, ಸವೀಬಾರದಂತ.
ಮುತ್ಯಾ, ಮುಂದ ಗೌಡರ ಅಗಸಿ ಬರತದಂತ.
ಕೈಯಾಗ ಹಿಡಕೊಂಡು ಏರಿ ಹತ್ತುವ ಸಾಲು
ದೂರದಿಂದ ನೋಡಿದವರಿಗೆ
ಒಂದೇ ಥರ ಕಾಣತಿತ್ತು.
ಹೊಲದವನ್ಯಾರು, ಅಂಜಿದವನ್ಯಾರು,
ಗುರುತು ಹತ್ತತಿರಲಿಲ್ಲ.

ಈಗ ಪೂಲು ಆಗ್ಯದ. ಬಸ್ಸಿನಾಗ
ಕಣ್ಣು ಮುಚ್ಚಿ ತೆಗಿಯೂದರಾಗ ಹೊಳಿ ಹಿಂದ.
ಮೊನ್ನೆ ನಡುವ ಇಳಿದೆ, ಕೆಲಸೇನೂ ಇರಲಿಲ್ಲ.
ಕಲಬುರಗಿ ಸೂಪರ್ ಮಾರ್ಕೆಟಿನಾಗ ಕೊಂಡ ಸ್ಯಾಂಡಲ್
ಫರಸಿಗಲ್ಲಿನ ಮ್ಯಾಲೆ ಬಿಚ್ಚಿಟ್ಟು
ಮೊಳಕಾಲ ಮಟ ನೀರಾಗ ನಿಂತೆ.
ಉಳಸ್ಲಾಕ ಅಲ್ಲ, ಅಂಜಿ ಅಲ್ಲ.
ತಂಪು ಇತ್ತು, ಅಷ್ಟೇ.
ಮೀನಮರಿ ಬಂದು ಹಿಮ್ಮಡಿ ಮೂಸಿ ಹೋದವು,
ಮೆತ್ತಗದ ಅಂದುಕೊಂಡಿರಬೇಕು.

ತಿರುಗಿ ನೋಡಿದರ ದಂಡಿ ಮ್ಯಾಲೆ
ಎಡಗಾಲಿಂದು ಬೋರಲ ಬಿದ್ದಿತ್ತು.
ಯಾರ ಕೂಡ ಜಗಳ ಅಂತ ಕೇಳಲಿಲ್ಲ,
ಆಯಿ ಹೇಳಿದಂಗ ಮಗುಚಲೂ ಇಲ್ಲ.
ಇರಲಿ ಅಂತ ಒಂದಿಷ್ಟೊತ್ತು
ಹಂಗೇ ಬಿಟ್ಟೆ.