ಕುಂಡದ ಮಣ್ಣು

ಜಿನೋವಾ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಬಾಚೀಚಾ
ಕೇಳಿದ್ದು ಒಂದೇ: ಮನೆಯ ಕಾಮಕಸ್ತೂರಿ ಕುಂಡ.
ಅಂದು ಅವನ ಬಿಳಿರಕ್ತಕಣ ಸೊನ್ನೆ.
"ಮಣ್ಣಲ್ಲಿ ಬೂಷ್ಟಿರುತ್ತೆ, ಆಗದು" ಎಂದಳು ಒತ್ತಾವಿಯಾ,
ಇನ್ನೂ ಹೊಸಬಳು, ಗಾಜಿನಾಚೆ ನಿಂತು.

ಬೂಷ್ಟು ಬಂದೇ ಬಂತು.
ಪಕ್ಕದ ವಾರ್ಡಿನಲ್ಲಿ ಗೋಡೆ ಒಡೆಯುತ್ತಿದ್ದರು.

ಆಮೇಲೆ ಮೂವತ್ತೊಂದು ವರ್ಷ
ಗಾಳಿಯನ್ನೇ ತಟ್ಟೆಗೆ ಹಿಡಿದು ಬೆಳೆಸಿದಳು,
ಬೂದುಹಸಿರು ಮಖಮಲ್ಲು;
ಚುಕ್ಕೆ ಚುಕ್ಕೆ ಎಣಿಸಿದಳು,
ಜ್ವರ ಏರುವ ಮೊದಲೇ ಮದ್ದು ಕೊಟ್ಟು ನೋಡಿದಳು.
ಉಳಿದವರು ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಾರೆ.
ಕೆಲವರ ಮುಖ ನೆನಪಾಗದು,
ಅವನದು ಮರೆಯದು.

ನಿವೃತ್ತಿಯ ದಿನ ಯಾರೋ ಕೊಟ್ಟ ಕುಂಡ
ಅಡುಗೆಮನೆಯ ಕಿಟಕಿಯಲ್ಲಿದೆ.
ಎಲೆ ಚಿವುಟುವಾಗ ಈಗಲೂ
ಉಸಿರು ಬಿಗಿಹಿಡಿಯುತ್ತಾಳೆ.
ಕೈಯೇನೋ ದಿನವಿಡೀ ಘಮಘಮ.